ನಿಮಗಿದು ಗೊತ್ತೇ? ಉಂಡು ಹೋದವರ ಸಂತೆ, ಹಸಿದು ಹೋದವರ ಸಂತೆ

ಘೋಡಗೇರಿಯಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸಂತೆಗೆ ಹೊರಡುವಾಗ ರೊಕ್ಕ ಎಣಿಸಿಕೊಳ್ಳುತ್ತೇವೆ, ಕೈಚೀಲ ಮಡಚಿಕೊಳ್ಳುತ್ತೇವೆ. ಹೊಟ್ಟೆಯ ವಿಚಾರ ಮಾಡುವವರು ಕಡಿಮೆ. ಬಸ್ಸಿನ ಅವಸರಕ್ಕೆ ಬರೀ ಚಹಾ ಕುಡಿದು ಹೋದ ದಿನ ಚೀಲಕ್ಕೆ ಬೀಳುವ ಸಾಮಾನೇ ಬೇರೆ. ಅದು ಯಾಕೆ ಹಾಗೆ ಎಂದು ತಿಳಿಸುವ ಸಂಗತಿಗಳು ಇಲ್ಲಿವೆ.

● ಹಸಿವಿಗೆ ಒಂದು ಹಾರ್ಮೋನು ಇದೆ. ಹೆಸರು ಗ್ರೆಲಿನ್. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಸಂಗಡಿಗರು ಇದನ್ನು ಇಲಿಯ ಜಠರದಲ್ಲಿ ಕಂಡುಹಿಡಿದರು. ಊಟದ ಹೊತ್ತು ಹತ್ತಿರವಾದಂತೆ ಇದು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ದಿನಾಲು ಒಂದೇ ಹೊತ್ತಿಗೆ ಉಣ್ಣುವವರಿಗೆ ಆ ಹೊತ್ತಿಗೇ ಹಸಿವಾಗುವುದರಲ್ಲಿ ಇದರ ಪಾಲೂ ಇದೆ.

● ಹಸಿದಾಗ ನಾಲಿಗೆಯೂ ಚುರುಕಾಗುತ್ತದೆ. ಮಲಾವಿ ದೇಶದ ವಿಶ್ವವಿದ್ಯಾಲಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಸಿದ ಯುವಕರಿಗೆ ಸಿಹಿ ಮತ್ತು ಉಪ್ಪು ಬಹಳ ಕಡಿಮೆ ಇದ್ದಾಗಲೂ ಗೊತ್ತಾಯಿತು. ಕಹಿಯ ವಿಷಯದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಸಂತೆಯ ಬಾಯಲ್ಲೇ ಎಣ್ಣೆಯಿಂದ ಏಳುವ ಮಿರ್ಚಿ ಭಜಿ ಹಸಿದವರನ್ನು ನಿಲ್ಲಿಸುತ್ತದೆ. ಹಾಗಲಕಾಯಿಯ ರಾಶಿಗೆ ಆ ಬಲವಿಲ್ಲ.

● ಗೋಕಾಕದ ಕರದಂಟು ಹಸಿದ ಕಣ್ಣಿಗೆ ಯಾಕಷ್ಟು ಸೆಳೆತ? ತುಪ್ಪದಲ್ಲಿ ಕರಿದ ಅಂಟು ಅರಳಿನಂತೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ ಸೇರಿಸಿ ಬೆಲ್ಲದ ಪಾಕದಲ್ಲಿ ಹಿಡಿಯುತ್ತಾರೆ. 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕಿಲೊಕ್ಯಾಲೊರಿ ಇದ್ದರೆ, ಅಷ್ಟೇ ಒಣಕೊಬ್ಬರಿಯಲ್ಲಿ 600 ದಾಟುತ್ತದೆ. ಹಸಿದವರ ಮೆದುಳು ಹೆಚ್ಚು ಶಕ್ತಿಯ ತಿನಿಸಿನ ಚಿತ್ರಗಳತ್ತ ಹೆಚ್ಚು ವಾಲುವುದನ್ನು ಲಂಡನ್ನಿನ ಸಂಶೋಧಕರು 2009ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಬಾಣಂತಿಗೆ ಅಂಟಿನುಂಡೆ ಕೊಡುವ ನಮ್ಮ ಮನೆಗಳಿಗೆ ಅದರ ಬಲ ಮೊದಲಿನಿಂದಲೂ ಗೊತ್ತು. ಬೇಕಾದವರಿಗೆ ಅದು ಪೌಷ್ಟಿಕ ಆಹಾರ. ಹಸಿದ ಭರದಲ್ಲಿ ಎರಡು ಡಬ್ಬಿ ಹೆಚ್ಚು ಕೊಂಡರೆ ಖರ್ಚು.

● ಈ ವಿಷಯದ ಪ್ರಯೋಗಕ್ಕೆ ಅರ್ಧ ಶತಮಾನದ ಮೇಲಾಯಿತು. 1969ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ಡೇವಿಡ್ ಕನೂಸ್ ಅಮೆರಿಕದ ಸೂಪರ್ ಮಾರ್ಕೆಟ್ ಗಿರಾಕಿಗಳನ್ನು ಗಮನಿಸಿದರು. ಸಾಧಾರಣ ಮೈಕಟ್ಟಿನವರು ಉಂಡು ಬಹಳ ಹೊತ್ತಾಗಿದ್ದರೆ ಹೆಚ್ಚು ಕೊಂಡರು. ದಪ್ಪ ಮೈಯವರಲ್ಲಿ ಹಾಗಾಗಲಿಲ್ಲ. ಹಸಿವು ಎಲ್ಲರ ಚೀಲವನ್ನೂ ಒಂದೇ ರೀತಿ ತುಂಬಿಸುವುದಿಲ್ಲ.

● ಬಹಳ ಓಡಾಡಿದ ಒಂದು ಸುದ್ದಿಯನ್ನು ಈಗ ನಂಬಬಾರದು. ಹಸಿದ ಗಿರಾಕಿಗಳು ಹೆಚ್ಚು ಕ್ಯಾಲೊರಿಯ ತಿನಿಸನ್ನೇ ಕೊಳ್ಳುತ್ತಾರೆ ಎಂಬ ಲೇಖನ 2013ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಬರೆದವರಲ್ಲಿ ಒಬ್ಬರು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್. ಅಂಕಿಅಂಶಗಳ ಬಗ್ಗೆ ಪ್ರಶ್ನೆ ಎದ್ದು, 2018ರಲ್ಲಿ ಇದೂ ಸೇರಿ ಅವರ ಆರು ಲೇಖನಗಳನ್ನು ಆ ಪತ್ರಿಕಾ ಬಳಗ ಹಿಂತೆಗೆದುಕೊಂಡಿತು. ವಾಟ್ಸ್ಆ್ಯಪ್‌ನಲ್ಲಿ ಆರೋಗ್ಯದ ಮಾತು ಬಂದಾಗ ಇದು ನೆನಪಿರಲಿ.

● ಇವತ್ತಿನ ಹಸಿವು ಮುಂದಿನ ವಾರದ ತಿನಿಸನ್ನೂ ಆರಿಸುತ್ತದೆ. 1998ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೌಕರರಿಗೆ ‘ಮುಂದಿನ ವಾರ ಏನು ತಿನ್ನುತ್ತೀರಿ?’ ಎಂದು ಕೇಳಲಾಯಿತು. ಸೇಬು, ಬಾಳೆಹಣ್ಣು, ಚಾಕೊಲೇಟ್, ಚಿಪ್ಸ್ ಎಲ್ಲವೂ ಇದ್ದವು. ಹಸಿದ ಹೊತ್ತಿನಲ್ಲಿ ಉತ್ತರ ಕೊಟ್ಟವರು ಚಾಕೊಲೇಟ್, ಚಿಪ್ಸ್ ಕಡೆ ಹೆಚ್ಚು ವಾಲಿದರು. ವಾರದ ಸಾಮಾನು ಒಮ್ಮೆಲೇ ತರುವ ನಮಗೆ ಇದು ನೇರವಾಗಿ ತಟ್ಟುವ ಮಾತು.

● ತಿನ್ನಲು ಬಾರದ ವಸ್ತುವನ್ನೂ ಹಸಿದ ಕೈ ಬಿಡುವುದಿಲ್ಲ! ಕಾಗದ ಹಿಡಿಸುವ ಬೈಂಡರ್ ಕ್ಲಿಪ್‌ಗಳನ್ನು ಉಚಿತವಾಗಿ ಇಟ್ಟಾಗ ಹಸಿದವರು ಹೆಚ್ಚು ತೆಗೆದುಕೊಂಡರು ಎಂದು ಅಲಿಸನ್ ಜಿಂಗ್ ಷು ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಹಾಗೆಂದು ಹಸಿದವರಿಗೆ ಕ್ಲಿಪ್ ಹೆಚ್ಚು ಮೆಚ್ಚುಗೆಯಾಗಿರಲಿಲ್ಲ. ಬೇಕು ಎನ್ನುವ ತುಡಿತ ಅನ್ನದಿಂದ ಸಾಮಾನಿಗೂ ಹಬ್ಬಿತ್ತು.

● ಗಿರಾಕಿ ತಾನೇ ಕೈ ಹಾಕಿ ತೆಗೆದುಕೊಳ್ಳುವ ಅಂಗಡಿ ಶುರುವಾದದ್ದು 1916ರಲ್ಲಿ, ಅಮೆರಿಕದ ಮೆಂಫಿಸ್‌ನಲ್ಲಿ. ಕ್ಲಾರೆನ್ಸ್ ಸಾಂಡರ್ಸ್ ತೆರೆದ ಆ ಅಂಗಡಿಯ ಹೆಸರು ಪಿಗ್ಲಿ ವಿಗ್ಲಿ. ಬುಟ್ಟಿ ಭಾರವಾದರೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆಂದು ಕಂಡ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಗಾಲಿಯ ಬುಟ್ಟಿ ತಂದರು. ನಮ್ಮ ಕಿರಾಣಿ ಅಂಗಡಿಯಲ್ಲಿ ಇನ್ನೂ ಬಾಯಿಬಿಟ್ಟು ಕೇಳಬೇಕು: ‘ಕಾಕಾ, ಒಂದ ಕಿಲೊ ತೊಗರಿಬ್ಯಾಳಿ, ಪಾವಕಿಲೊ ಸಾಸಿವಿ ಕೊಡ್ರಿ.’ ಕೇಳುವ ಆ ಗಳಿಗೆಯಲ್ಲಿ ಬೇಕೋ ಬೇಡವೋ ಎಂದು ಯೋಚಿಸಲು ಅವಕಾಶ ಸಿಗುತ್ತದೆ. ಕಿರಾಣಿ ಅಂಗಡಿ ಉಳಿಯಬೇಕು ಎನ್ನಲು ಇದೂ ಒಂದು ಕಾರಣ.

● ದೊಡ್ಡ ಅಂಗಡಿಯಲ್ಲಿ ಬಿಲ್ಲಿನ ಸಾಲಿನ ಪಕ್ಕ ಚಾಕೊಲೇಟ್ ಇಡುವುದನ್ನು ಕಾನೂನಿನಿಂದಲೇ ತಡೆದ ನಾಡೂ ಇದೆ. ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳನ್ನು ಬಾಗಿಲು ಮತ್ತು ಬಿಲ್ಲಿನ ಕೌಂಟರ್ ಬಳಿ ಇಡದಂತೆ ಇಂಗ್ಲೆಂಡ್ 2022ರ ಅಕ್ಟೋಬರ್ 1ರಿಂದ ನಿರ್ಬಂಧಿಸಿದೆ. ಕಾದು ನಿಂತ ಮಕ್ಕಳ ಕಣ್ಣಳತೆಗೆ ಇಲ್ಲೂ ಅವೇ ತೂಗುತ್ತಿರುತ್ತವೆ.

● ಪಾಕೀಟಿನ ಹಿಂದೆ ಬರೆದ ಪದಾರ್ಥಗಳಿಗೆ ಒಂದು ಕ್ರಮವಿದೆ. ತೂಕದಲ್ಲಿ ಹೆಚ್ಚಿರುವುದು ಮೊದಲು. ಸಕ್ಕರೆ ಮೊದಲ ಎರಡು ಮೂರರಲ್ಲಿ ಬಂದರೆ ತಿಳಿದುಕೊಳ್ಳಿ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

● ಹಿರಿಯರ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಅದರ ಹದಿನಾರನೆಯ ಒಂದು ಪಾಲು ಚಟಾಕು. 1956ರ ಕಾಯ್ದೆಯಿಂದ ಕಿಲೊ ಬಂದರೂ ಅಳೆದು ಕೊಳ್ಳುವ ಆ ಶಿಸ್ತು ಇಂದಿಗೂ ಬೇಕು. ಯಾದಿಯಲ್ಲಿ ಸಾಮಾನಿನ ಹೆಸರಿನ ಮುಂದೆ ತೂಕವನ್ನೂ ಬರೆಯಿರಿ.

● ಹಸಿದು ಸಂತೆಗೆ ಹೋಗಬೇಡಿ ಎಂಬ ಮಾತು ಮನೆಯಲ್ಲಿ ಅನ್ನ ಇದ್ದವರಿಗೆ. ಇಲ್ಲದವರಿಗೆ ಬೇಕಾದದ್ದು ಉಪದೇಶವಲ್ಲ, ಕಾಳು. 2013ರಲ್ಲಿ ಶುರುವಾದ ಅನ್ನಭಾಗ್ಯದಂಥ ಯೋಜನೆ ಮುಖ್ಯವಾಗುವುದು ಇಲ್ಲೇ. ಪಡಿತರ ಸರಿಯಾದ ತೂಕದಲ್ಲಿ, ಸರಿಯಾದ ಹೊತ್ತಿಗೆ ಸಿಗಬೇಕು.

● ಹಸಿವಿಗೆ ಕಡಿವಾಣ ಹಾಕಲು ಒಂದು ಚೀಟಿ ಸಾಕು. ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರ 2002ರ ಪ್ರಯೋಗದಲ್ಲಿ ಅಂಗಡಿಗೆ ಬಂದವರೆಲ್ಲ ಕೊಳ್ಳಬೇಕಾದದ್ದನ್ನು ಬರೆದರು. ಕೆಲವರಿಗೆ ತಿನ್ನಲು ಮಫಿನ್ ಕೊಟ್ಟರು, ಕೆಲವರ ಚೀಟಿ ತೆಗೆದಿಟ್ಟುಕೊಂಡರು. ಚೀಟಿಯಿಲ್ಲದೆ ಹಸಿದು ಒಳಗೆ ಹೋದವರು ಬರೆಯದೇ ಇದ್ದದ್ದನ್ನು ಹೆಚ್ಚು ಕೊಂಡರು. ಚೀಟಿ ಕೈಯಲ್ಲಿದ್ದವರನ್ನು ಹಸಿವು ಹಾಗೆ ದಾರಿ ತಪ್ಪಿಸಲಿಲ್ಲ. ಆದ್ದರಿಂದ ಮುಂದಿನ ಸಂತೆಯ ಯಾದಿಯನ್ನು ರಾತ್ರಿ ಊಟವಾದ ಮೇಲೆ, ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಿ, ಮನೆಮಂದಿಯೆಲ್ಲ ಕೂತು ಬರೆಯಿರಿ. ಬೆಳಿಗ್ಗೆ ಒಂದು ರೊಟ್ಟಿಯಾದರೂ ತಿಂದು ಬಸ್ಸು ಹತ್ತಿ.