ಮಗುವಿನ ಜೊತೆ ಉದ್ದವಾಗುವ ಸರಳು

ಕೋಳಿ ಕಾಲಿನ ಮೂಳೆಯನ್ನು ಒಂದು ವಾರ ವಿನೆಗರಿನಲ್ಲಿ ನೆನೆಸಿಟ್ಟರೆ ರಬ್ಬರಿನ ಹಾಗೆ ಬಾಗುತ್ತದೆ. ನಾವೆಲ್ಲ ಮಕ್ಕಳಿಗೆ ತೋರಿಸುವ ಪ್ರಯೋಗವೇ. ಸುಣ್ಣದ ಅಂಶ ಕರಗಿ, ಕೊಲಾಜೆನ್ ಎಂಬ ಪ್ರೋಟೀನಿನ ನಾರು ಮಾತ್ರ ಉಳಿದಿರುತ್ತದೆ. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಚೆನ್ನಾಗಿ ಸುಟ್ಟು ನೋಡಿ. ಈಗ ನಾರು ಹೋಯ್ತು, ಸುಣ್ಣ ಉಳೀತು, ಒತ್ತಿದರೆ ಪುಡಿ.

ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಕಾಯಿಲೆಯಲ್ಲಿ ಕೆಟ್ಟಿರುವುದು ಈ ನಾರು. ಹೆಚ್ಚಿನವರಲ್ಲಿ ಕೊಲಾಜೆನ್ ತಯಾರಿಸುವ ಎರಡು ಜೀನ್‌ಗಳ ಪೈಕಿ ಒಂದರಲ್ಲಿ ದೋಷವಿರುತ್ತದೆ. ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆ ಎಷ್ಟು ಕೊಟ್ಟರೂ ನಾರು ಸರಿಹೋಗದು. ತೀವ್ರವಾಗಿದ್ದರೆ ಬಟ್ಟೆ ಬದಲಿಸುವಾಗಲೇ ತೊಡೆಮೂಳೆ ಮುರಿಯಬಹುದು. "ಯಾರು ಹೊಡೆದರು?" ಅಂತ ತಂದೆತಾಯಿಯನ್ನು ಕೇಳುವ ಮೊದಲು ಇದೂ ನಮ್ಮ ನೆನಪಿನಲ್ಲಿರಲಿ.

ಮುರಿದದ್ದು ಕೂಡುತ್ತದೆ, ಆದರೆ ಸೊಟ್ಟಗೆ. ಬ್ಯಾಂಡೇಜಿನಲ್ಲಿ ವಾರಗಟ್ಟಲೆ ಮಲಗಿದರೆ ಮೂಳೆ ಇನ್ನಷ್ಟು ಸವೆಯುತ್ತದೆ. ಎದ್ದು ನಿಂತಾಗ ಭಾರವೆಲ್ಲ ಬಾಗಿದ ಜಾಗಕ್ಕೇ ಬಿದ್ದು ಮತ್ತೆ ಮುರಿಯುತ್ತದೆ. ಹೊರಗಿನಿಂದ ಪ್ಲೇಟು ಕೂರಿಸಿ ಸ್ಕ್ರೂ ಹಾಕಿದರೆ? ಪ್ಲೇಟು ಮುಗಿಯುವ ಕಡೆ ಮುರಿಯುತ್ತದೆ!

ಹಾಗಾಗಿ ಆಸರೆ ಒಳಗೇ ಇರಬೇಕು. 1959ರಲ್ಲಿ ಅಮೆರಿಕದ ಸೋಫೀಲ್ಡ್ ಮತ್ತು ಮಿಲ್ಲರ್ ತಮ್ಮ ಹತ್ತು ವರ್ಷದ ಅನುಭವ ಪ್ರಕಟಿಸಿದರು. ಬಾಗಿದ ಮೂಳೆಯನ್ನು ತುಂಡು ಮಾಡಿ, ಹೂವು ಪೋಣಿಸಿದಂತೆ ಲೋಹದ ಸರಳಿಗೆ ನೆಟ್ಟಗೆ ಪೋಣಿಸುವುದು ಅವರ ವಿಧಾನ. ಚೆನ್ನಾಗಿಯೇ ಇತ್ತು. ಆದರೆ ಮಗು ಬೆಳೆಯುತ್ತದೆ, ಸರಳು ಬೆಳೆಯುವುದಿಲ್ಲ. ತೊಡೆಮೂಳೆಯ ಬೆಳವಣಿಗೆಯಲ್ಲಿ ಸುಮಾರು 70% ಆಗುವುದು ಮೊಣಕಾಲಿನ ಕಡೆಯ ತುದಿಯಲ್ಲಿ. ಎರಡು ಮೂರು ವರ್ಷದಲ್ಲಿ ಸರಳು ಗಿಡ್ಡವಾಗಿ, ಅದರಾಚೆಯ ಮೂಳೆ ಬಾಗತೊಡಗುತ್ತಿತ್ತು. ಮತ್ತೆ ಆಪರೇಷನ್.

ಹಳೇ ರೇಡಿಯೋದ ಏರಿಯಲ್ ನೆನಪಿದೆಯಲ್ಲ? 1963ರಲ್ಲಿ ಬೇಲಿ ಮತ್ತು ಡುಬೋ ವಿವರಿಸಿದ ಸರಳು ಹಾಗೆಯೇ: ಕೊಳವೆಯೊಳಗೆ ಜಾರುವ ಕಡ್ಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಪುಗೊಂಡ ಫಾಸಿಯೇ-ಡುವಾಲ್ ಸರಳಿನಲ್ಲಿ ಕೊಳವೆಯ ತಿರುಪು ಸೊಂಟದ ಕಡೆ, ಕಡ್ಡಿಯ ತಿರುಪು ಮೊಣಕಾಲಿನ ಕಡೆ ಕಚ್ಚಿಕೊಂಡಿರುತ್ತದೆ. ಮೂಳೆ ಉದ್ದವಾದಂತೆ ಎರಡೂ ತಾವಾಗಿಯೇ ಸರಿಯುತ್ತವೆ. ಮೊಣಕಾಲಿನ ಗಂಟನ್ನು ತೆರೆಯುವ ಅಗತ್ಯವೂ ಸಾಮಾನ್ಯವಾಗಿ ಬೀಳದು.

ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮೂಳೆ ಸವೆಯುವುದನ್ನು ತಗ್ಗಿಸುವ ಪಾಮಿಡ್ರೊನೇಟ್‌ನಂಥ ಔಷಧಿ, ವ್ಯಾಯಾಮ ಜೊತೆಗೇ ಬೇಕು. ಸರಳೂ ಬಾಗಬಹುದು, ಜಾರಬಹುದು, ಬದಲಿಸಬೇಕಾಗಬಹುದು. ಆದರೆ ಎಷ್ಟೋ ಮಕ್ಕಳು ಎದ್ದು ನಿಲ್ಲಲು, ಕೆಲವರು ನಡೆಯಲು ಸಾಧ್ಯವಾಗಿದೆ.

ಇಂಥ ಮಗು ತರಗತಿಯಲ್ಲಿ ಬಿದ್ದರೆ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಒಳಗೆ ಸರಳಿರುವುದರಿಂದ ಮುರಿದ ಕಾಲೂ ನೆಟ್ಟಗೇ ಕಾಣಬಹುದು. "ನೋವು ಸರ್" ಅಂದರೆ ಎಕ್ಸ್‌ರೇ ಆಗಲೇಬೇಕು.