ಗರಗಸಕ್ಕೆ ಬ್ರೇಕು ಬಂದ ಕಥೆ

ಮನೆ ಕಲಬುರಗಿಯ ಮೋಮಿನಪುರದಲ್ಲಿ, ಹೊಲ ಕಮಲಾಪುರದ ಕಡೆ. ಹೀಗಿದ್ದವರಿಗೆ ಬದುವಿನ ಮರ ಒಂದು ತಲೆನೋವು. ಒಣಗಿದ ಬೇವು ಕರೆಂಟ್ ತಂತಿಯತ್ತ ವಾಲಿರುತ್ತದೆ, ಹಳೇ ಹುಣಸೆಯ ನೆರಳಿಗೆ ತೊಗರಿ ಮೇಲೇಳುವುದಿಲ್ಲ. ಹಿಂದೆ ಕೊಡಲಿಯವರು, ಇಬ್ಬರು ಎಳೆಯುವ ಗರಗಸದವರು ಬರುತ್ತಿದ್ದರು. ದೊಡ್ಡ ಮರವಾದರೆ ದಿನವಿಡೀ ಕೆಲಸ. ಈಗ ಸರಪಳಿ ಗರಗಸಕ್ಕೆ ಪೆಟ್ರೋಲ್ ಹಾಕಿ ಹಗ್ಗ ಜಗ್ಗಿದರೆ ಮುಗಿಯಿತು. ಯಂತ್ರವೇನೋ ಬಂತು, ಅದನ್ನು ಹಿಡಿಯುವ ಶಿಸ್ತು ಜತೆಗೆ ಬರಲಿಲ್ಲ.

ಈ ಗರಗಸದ ಹುಟ್ಟು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ. 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರಿ ಮೂಳೆ ಕೊಯ್ಯಲು ಹಲ್ಲುಳ್ಳ ಪುಟ್ಟ ಸರಪಳಿ ಬಳಸಿದರು. ಮರ ಕೊಯ್ಯಲು ಅದಕ್ಕೆ ಮೋಟರು ಹಚ್ಚಿದವರಲ್ಲಿ ಜರ್ಮನರು ಪ್ರಮುಖರು. 1926ರಲ್ಲಿ ಆಂಡ್ರಿಯಾಸ್ ಸ್ಟಿಲ್ ಮಾಡಿದ ವಿದ್ಯುತ್ ಗರಗಸ 64 ಕಿಲೊ ತೂಗುತ್ತಿತ್ತು. ಮರುವರ್ಷ ಎಮಿಲ್ ಲೆರ್ಪ್ ತನ್ನ ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಬೆಟ್ಟದಲ್ಲಿ ಓಡಿಸಿ ನೋಡಿದ; ಅದು 58 ಕಿಲೊ. ತೊಗರಿ ಚೀಲ ಎತ್ತಿ ಹಿಡಿದು ಮರ ಕೊಯ್ದಂತೆ! ಹಿಡಿಯಲು ಇಬ್ಬರು ಬೇಕೇಬೇಕು. ಒಬ್ಬನೇ ಹಿಡಿಯಬಲ್ಲ 16 ಕಿಲೊದ ಸ್ಟಿಲ್ ಗರಗಸ ಬಂದದ್ದು 1950ರಲ್ಲಿ. ಅಷ್ಟರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬಾತ, ಹುಳುವೊಂದು ದಿಮ್ಮಿಯನ್ನು ಎಡಕ್ಕೂ ಬಲಕ್ಕೂ ಕೊರೆದು ಸಾಗುವುದನ್ನು ಕಂಡು ಸರಪಳಿಯ ಹಲ್ಲಿಗೆ ಹೊಸ ಆಕಾರ ಕೊಟ್ಟಿದ್ದ. ಇಂದಿನ ಸರಪಳಿಗಳು ಅದರದ್ದೇ ವಂಶ.

ಗರಗಸ ಹಗುರಾಯಿತು, ವೇಗವೂ ಹೆಚ್ಚಿತು. ಸರಪಳಿ ಓಡುವ ಪಟ್ಟಿಯ ತುದಿಯ ಮೇಲ್ಭಾಗ ಟೊಂಗೆಗೆ ತಾಗಿದರೆ ಗರಗಸ ರೆಪ್ಪೆ ಬಡಿಯುವುದರೊಳಗೆ ಮುಖಕ್ಕೋ ಕುತ್ತಿಗೆಗೋ ಎಗರುತ್ತದೆ. ಆಗ ಸರಪಳಿಯನ್ನು ಥಟ್ಟನೆ ನಿಲ್ಲಿಸುವ ಬ್ರೇಕು ಬಂದದ್ದು 1970ರ ದಶಕದಲ್ಲಿ. ಮುಂದಿನ ಹಿಡಿಕೆಯ ಎದುರಿಗೆ ಇರುವ ಅಡ್ಡಪಟ್ಟಿಯೇ ಅದರ ಗುರುತು. ನಡುಕ ತಡೆಯುವ ವ್ಯವಸ್ಥೆ 1960ರ ದಶಕದ್ದು. ಅದಕ್ಕೂ ಮೊದಲಿನ ಗರಗಸಗಳನ್ನು ವರ್ಷಗಟ್ಟಲೆ ಹಿಡಿದವರ ಬೆರಳು ಬಿಳಿಚಿ ಜೋಮುಗಟ್ಟುತ್ತಿದ್ದವು. ಹಳೇ ಮಾಡೆಲ್ಲಿನ ಗಟ್ಟಿತನ ಹೊಗಳುವವರು ಬಹಳ. ಚೆಂದವೇನೋ ಹೌದು, ಆದರೆ ಬ್ರೇಕಿಲ್ಲದ ಗರಗಸದ ಜಾಗ ಕಪಾಟು, ಹೊಲವಲ್ಲ.

ಮರ ಬೀಳಿಸುವ ಲೆಕ್ಕ ಮಾತ್ರ ಕೊಡಲಿ ಕಾಲದ್ದೇ. ಬೀಳಬೇಕಾದ ದಿಕ್ಕಿಗೆ, ಬೊಡ್ಡೆಯ ದಪ್ಪದ ಐದನೇ ಒಂದರಿಂದ ಕಾಲು ಭಾಗದಷ್ಟು ಆಳಕ್ಕೆ ಬಾಯಿ ತೆಗೆಯಬೇಕು. ಆಮೇಲೆ ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ಹತ್ತನೇ ಒಂದು ಪಾಲು ಉಳಿಸಬೇಕು. ಮರವನ್ನು ದಿಕ್ಕು ತಪ್ಪದಂತೆ ಬಾಗಿಸುವುದು ಆ ಉಳಿದ ಪಟ್ಟಿ. ಆತುರಕ್ಕೆ ಅದನ್ನೂ ಕೊಯ್ದರೆ ಮರ ಯಾರ ಮಾತೂ ಕೇಳುವುದಿಲ್ಲ. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ನಿಲ್ಲಬಾರದು. ಕೊಯ್ಯುವವನು ಸರಿಯುವ ದಾರಿಯನ್ನು ಮೊದಲೇ ಹಸನು ಮಾಡಿಟ್ಟುಕೊಳ್ಳಬೇಕು. ನೇರ ಹಿಂದಕ್ಕಲ್ಲ, ಓರೆಯಾಗಿ, ಏಕೆಂದರೆ ಬೊಡ್ಡೆ ಹಿಂದಕ್ಕೆ ಒದೆಯುವುದುಂಟು. ತಂತಿಯ ಪಕ್ಕದ ಮರವಾದರೆ ಜೆಸ್ಕಾಂನವರು ಲೈನ್ ಬಂದ್ ಮಾಡುವವರೆಗೆ ಮುಟ್ಟಬಾರದು.

ಸ್ವಂತ ಹೊಲದ್ದೆಂದು ಕಂಡ ಮರವನ್ನೆಲ್ಲ ಕಡಿಯುವಂತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸರ್ವೆ, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ವಿನಾಯಿತಿ ಇಲ್ಲದ ಮರಕ್ಕೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅನುಮತಿ ಸಿಕ್ಕಮೇಲೆ ಆಳು ಕರೆಸುವಾಗ ಕೂಲಿ ಚೌಕಾಶಿಯಲ್ಲೇ ಮಾತು ಮುಗಿಸಬೇಡಿ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಬಂದವರ ಕೈಗೆ ಗರಗಸ ಕೊಡಬೇಡಿ. ಹೆಲ್ಮೆಟ್, ಕನ್ನಡಕ, ಬೂಟಿನ ಖರ್ಚನ್ನು ಹೊಲದ ಮಾಲೀಕರೇ ಹಾಕಿಕೊಳ್ಳಿ.