ಡಿಸ್ಕಿನ ಮೊದಲ 512 ಬೈಟುಗಳು

ನಮ್ಮ ಗಣಕಯಂತ್ರದ ಮೂಲ ಡಿಸ್ಕು ಕೆಟ್ಟಿತೆನ್ನೋಣ. ಅದರ ಫೈಲುಗಳ ನಕಲು ಭದ್ರವಾಗಿದೆ. ಒಂದನ್ನೂ ಬಿಡದೆ ಹೊಸ ಡಿಸ್ಕಿಗೆ ತುಂಬಿದೆವು. ಆದರೂ ಯಂತ್ರ ಕಣ್ಣು ತೆರೆಯಲೊಲ್ಲದು! ಏಕೆ?

1983ರಲ್ಲಿ ಡಾಸ್ 2.0 ಆವೃತ್ತಿಯೊಡನೆ ಬಂದ ಪದ್ಧತಿಯಂತೆ, ಡಿಸ್ಕಿನ ಮೊತ್ತಮೊದಲ 512 ಬೈಟುಗಳು ಯಾವ ಫೈಲಿಗೂ ಸೇರಿದುವಲ್ಲ. ಯಂತ್ರವನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ 446, ವಿಭಾಗಗಳ ಪಟ್ಟಿಗೆ 64, ಗುರುತಿನ ಮುದ್ರೆಗೆ 2, ಹೀಗೆ ಅವುಗಳ ಹಂಚಿಕೆ. ಫೈಲುಗಳನ್ನಷ್ಟೇ ನಕಲಿಸಿದವರಿಗೆ ಇವು ದೊರೆಯವು. ಆದುದರಿಂದಲೇ ಮೊದಲ ಬೈಟಿನಿಂದ ತೊಡಗಿ ಇಡೀ ಡಿಸ್ಕಿನ ಪಡಿಯಚ್ಚನ್ನು ತೆಗೆದಿಡುವುದು ಮೇಲು. ಈಚಿನ ಯು.ಇ.ಎಫ್.ಐ. ಯಂತ್ರಗಳಲ್ಲಿ ಈ ಹೊಣೆ ಪ್ರತ್ಯೇಕ ವಿಭಾಗವೊಂದರದು, ಅದೂ ಪಡಿಯಚ್ಚಿನಲ್ಲಿರಬೇಕು.

ನಡೆಯುತ್ತಿರುವ ವ್ಯವಸ್ಥೆಯೇ ತನ್ನ ಡಿಸ್ಕನ್ನು ಅಳಿಸಿ ಬರೆಯಹೊರಡುವುದು ಅಪಾಯ. ಕುಳಿತ ಕೊಂಬೆಯನ್ನು ಕಡಿಯುವುದುಂಟೆ? ಯಂತ್ರವನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ, ಪಡಿಯಚ್ಚನ್ನು ಡಿಸ್ಕಿಗೆ ಇಳಿಸುತ್ತೇವೆ.